ಚಿತ್ತಾಪುರ ಯಾರ ವಸಾಹತು?

'ಕಲ್ಯಾಣ ಕರ್ನಾಟಕ ಬೆಂಗಳೂರಿನ ವಸಾಹತು.' ಈ ಮಾತನ್ನು ಕಲಬುರಗಿಯ ಯಾವುದೇ ವೇದಿಕೆಯಲ್ಲಿ ಹೇಳಿ, ಚಪ್ಪಾಳೆ ಬೀಳುತ್ತದೆ. ಇದೇ ಮಾತನ್ನು ಬೆಂಗಳೂರಿನ ವಿಚಾರ ಸಂಕಿರಣದಲ್ಲಿ ಹೇಳಿ, ಮುಂದಿನ ಸಾಲಿನಲ್ಲಿ ಕೂತವರು ಮೆಲ್ಲಗೆ ನಗುತ್ತಾರೆ. 'ಭಾವನೆ ಅರ್ಥವಾಗುತ್ತದೆ, ಆದರೆ ಪದ ಸ್ವಲ್ಪ ಹೆಚ್ಚಾಯಿತು' ಎನ್ನುತ್ತಾರೆ. ಚಪ್ಪಾಳೆ ತಟ್ಟುವವರಿಗೂ ನಗುವವರಿಗೂ ಒಂದು ವಿಷಯದಲ್ಲಿ ಒಮ್ಮತವಿದೆ: ವಸಾಹತು ಎಂದರೇನು ಎಂದು ಇಬ್ಬರೂ ಕೇಳುವುದಿಲ್ಲ. ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದು, ವಸಾಹತೋತ್ತರ ಚಿಂತನೆಯ ಪುಸ್ತಕಗಳ ನಡುವೆ ಸಂಶೋಧನೆ ಮಾಡುತ್ತಿರುವ ನನಗೆ ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲು ಆಗುತ್ತಿಲ್ಲ. ನನ್ನ ತಕರಾರು ಇಬ್ಬರ ಜೊತೆಗೂ ಇದೆ. ಮೊದಲು ನಗುವವರ ಜೊತೆಗಿನದನ್ನು ಮುಗಿಸುತ್ತೇನೆ.

ನಗುವವರ ತಲೆಯಲ್ಲಿ ವಸಾಹತಿನ ಚಿತ್ರವೊಂದಿದೆ. ಅದರಲ್ಲಿ ಸಮುದ್ರ ಇರುತ್ತದೆ, ಹಡಗು ಇರುತ್ತದೆ, ಬೇರೆ ಬಣ್ಣದ ಚರ್ಮದವನು ಇಳಿದು ಬರುತ್ತಾನೆ. ಇದು ಅವರ ಕಲ್ಪನೆ ಮಾತ್ರವೇನಲ್ಲ, ವಿಶ್ವಸಂಸ್ಥೆಯ ಕಾಗದದಲ್ಲೂ ಇದೆ. 1960ರ ಡಿಸೆಂಬರ್ 14ರಂದು ಮಹಾಸಭೆ ವಸಾಹತುಗಳಿಗೆಲ್ಲ ಸ್ವಾತಂತ್ರ್ಯ ಸಿಗಬೇಕೆಂಬ 1514ನೇ ನಿರ್ಣಯವನ್ನು ಅಂಗೀಕರಿಸಿತು. ಸರಿ, ಆದರೆ ಯಾವುದು ವಸಾಹತು? ಮರುದಿನವೇ 1541ನೇ ನಿರ್ಣಯ ಬಂತು. ಆಳುವ ದೇಶದಿಂದ ಭೌಗೋಳಿಕವಾಗಿ ಬೇರ್ಪಟ್ಟಿರುವ, ಜನಾಂಗ ಅಥವಾ ಸಂಸ್ಕೃತಿಯಲ್ಲಿ ಭಿನ್ನವಾಗಿರುವ ಪ್ರದೇಶವನ್ನು ಮೇಲುನೋಟಕ್ಕೆ ವಸಾಹತೆಂದು ಗುರುತಿಸಬಹುದು ಎಂದಿತು. ವಿದ್ವಾಂಸರು ಇದನ್ನು ಉಪ್ಪುನೀರಿನ ನಿಯಮ ಎಂದು ಕರೆಯುತ್ತಾರೆ. ನಡುವೆ ಉಪ್ಪುನೀರಿದ್ದರೆ ವಸಾಹತು, ಇಲ್ಲದಿದ್ದರೆ ಆಂತರಿಕ ವಿಷಯ.

ಈ ನಿಯಮ ಹುಟ್ಟಿದ್ದರ ಹಿಂದೆ ಒಂದು ಜಗಳವಿತ್ತು. ಕಾಂಗೋವನ್ನು ಹಿಂಡುತ್ತಿದ್ದ ಬೆಲ್ಜಿಯಂ, 'ನಮ್ಮನ್ನೇ ಯಾಕೆ ಕೇಳುತ್ತೀರಿ, ನಿಮ್ಮ ನಿಮ್ಮ ದೇಶಗಳ ಒಳಗಿರುವ ಬುಡಕಟ್ಟು ಜನರನ್ನು ನೀವು ಆಳುವುದೂ ಅದೇ ಅಲ್ಲವೆ?' ಎಂದು ಕೇಳಿತು. ಅದು ಕಳ್ಳನ ವಾದ, ತನ್ನ ಕಳ್ಳತನ ಮುಚ್ಚಲು ಎತ್ತಿದ ವಾದ. ಆದರೆ ಎತ್ತಿದವನು ಕಳ್ಳನೆಂಬ ಕಾರಣಕ್ಕೆ ಪ್ರಶ್ನೆ ಸುಳ್ಳಾಗುವುದಿಲ್ಲ. ಹೊಸದಾಗಿ ಸ್ವತಂತ್ರವಾದ ದೇಶಗಳಿಗೂ ಆ ಪ್ರಶ್ನೆ ಬೇಡವಾಗಿತ್ತು, ಯಾಕೆಂದರೆ ಪ್ರತಿಯೊಬ್ಬರ ಮನೆಯಲ್ಲೂ ಒಂದು ಮೂಲೆಯಿತ್ತು. ಹಾಗಾಗಿ ಸಮುದ್ರದ ಗೆರೆ ಎಲ್ಲರಿಗೂ ಅನುಕೂಲವಾಯಿತು. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಈಗ ಉಳಿದಿರುವ 17 ಪ್ರದೇಶಗಳಲ್ಲಿ ಜಗತ್ತಿನ ಅತಿ ಶ್ರೀಮಂತ ಜಾಗಗಳಲ್ಲೊಂದಾದ ಬರ್ಮುಡಾ ಇದೆ. ಜಗತ್ತಿನಲ್ಲಿ ಇನ್ನೆಲ್ಲೂ ವಸಾಹತು ಇಲ್ಲ ಎಂದು ನಂಬಬೇಕಾದರೆ ಈ ಪಟ್ಟಿಯನ್ನು ನಂಬಬೇಕು.

ಹೆಸರಿನ ಆಟವೂ ಆಗಲೇ ಶುರುವಾಗಿತ್ತು. 1951ರಲ್ಲಿ ಪೋರ್ಚುಗಲ್ ತನ್ನ ಸಂವಿಧಾನವನ್ನು ತಿದ್ದಿ 'ವಸಾಹತು' ಎಂಬ ಪದವನ್ನೇ ತೆಗೆದುಹಾಕಿತು. ಗೋವಾ ಇನ್ನು ಮುಂದೆ ವಸಾಹತಲ್ಲ, ಪೋರ್ಚುಗಲ್ಲಿನ 'ಸಾಗರದಾಚೆಯ ಪ್ರಾಂತ' ಎಂದಿತು. ಪ್ರಾಂತ ಎಂದ ಮೇಲೆ ಅದು ಆಂತರಿಕ ವಿಷಯ, ಯಾರೂ ಕೇಳುವ ಹಾಗಿಲ್ಲ. ವಿಶ್ವಸಂಸ್ಥೆ ಈ ಆಟವನ್ನು ಒಪ್ಪದೆ 1960ರಲ್ಲಿ ಗೋವಾವನ್ನೂ ಪಟ್ಟಿಗೆ ಸೇರಿಸಿತು. ಹೆಸರು ಬದಲಿಸಿದರೆ ಸ್ಥಿತಿ ಬದಲಾಗುವುದಿಲ್ಲ ಎಂಬ ಆ ಪಾಠ 2019ರ ಸೆಪ್ಟೆಂಬರ್ 17ರಂದು ನಮ್ಮ ಭಾಗವನ್ನು 'ಹೈದರಾಬಾದ್ ಕರ್ನಾಟಕ'ದಿಂದ 'ಕಲ್ಯಾಣ ಕರ್ನಾಟಕ' ಮಾಡಿದಾಗ ಯಾರಿಗೂ ನೆನಪಾಗಲಿಲ್ಲ. ಕಲ್ಯಾಣ ಆಗುವ ಮೊದಲೇ ಕಲ್ಯಾಣದ ಬೋರ್ಡು ಬಂತು.

ಉಪ್ಪುನೀರಿನ ನಿಯಮದ ನಿಜವಾದ ಅಸಂಬದ್ಧತೆ ತಿಳಿಯಲು ಅಷ್ಟು ದೂರ ಹೋಗಬೇಕಿಲ್ಲ, ವಾಡಿ ಜಂಕ್ಷನ್ನಿಗೆ ಬಂದರೆ ಸಾಕು. ಕಾನೂನಿನ ಪ್ರಕಾರ 1900ರಲ್ಲಿ ಚಿತ್ತಾಪುರ, ಶಹಾಬಾದ್, ಸೇಡಂ, ಚಿಂಚೋಳಿ ಯಾವುವೂ ಬ್ರಿಟಿಷ್ ವಸಾಹತುಗಳಲ್ಲ. ಇವು ನಿಜಾಮರ ಸೀಮೆ. ನಿಜಾಮರು ಬ್ರಿಟಿಷರ 'ನಂಬಿಕಸ್ತ ಮಿತ್ರ', ಸ್ವಂತ ನಾಣ್ಯ, ಸ್ವಂತ ಅಂಚೆ, ಸ್ವಂತ ನ್ಯಾಯಾಲಯ ಇದ್ದವರು. ಆದರೆ ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಈ ಸೀಮೆಯನ್ನು ಸೀಳಿಕೊಂಡು ಹೋಗಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ರೈಲನ್ನು ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಕವಲು ಹೋಯಿತು. ಬ್ರಿಟಿಷರ ಒತ್ತಡಕ್ಕೆ ಹಾಕಿದ ಹಳಿ ಅದು, ಖರ್ಚು ನಿಜಾಮರ ಖಜಾನೆಯದು. 1883ರಲ್ಲಿ ಆ ರೈಲನ್ನು ಲಂಡನ್ನಿನಲ್ಲಿ ಹುಟ್ಟಿದ ಕಂಪನಿಯೊಂದಕ್ಕೆ ಒಪ್ಪಿಸಲಾಯಿತು. ಒಪ್ಪಂದದ ಸಾರ ಇಷ್ಟೆ: ರೈಲು ಲಾಭ ಮಾಡಲಿ ಬಿಡಲಿ, ಹಾಕಿದ ಬಂಡವಾಳಕ್ಕೆ 20 ವರ್ಷ ಶೇಕಡಾ 5ರ ಬಡ್ಡಿಯನ್ನು ಹೈದರಾಬಾದ್ ಸರ್ಕಾರ ಕಟ್ಟಿಕೊಡಬೇಕು. ಅಂದರೆ ನಷ್ಟ ರೈತನ ಕಂದಾಯದ ಮೇಲೆ, ಬಡ್ಡಿ ಲಂಡನ್ನಿನ ಷೇರುದಾರನ ಜೇಬಿಗೆ. ಆ ಯೋಜನೆಯನ್ನು ಸಾರ್ವಜನಿಕರ ಮುಂದೆ ಇಟ್ಟು ಚರ್ಚಿಸಿ ಎಂದು ಕೇಳಿದ ಅಘೋರನಾಥ ಚಟ್ಟೋಪಾಧ್ಯಾಯರನ್ನು, ಅಂದರೆ ಸರೋಜಿನಿ ನಾಯ್ಡು ಅವರ ತಂದೆಯನ್ನು, ಹೈದರಾಬಾದಿನಿಂದ ಗಡಿಪಾರು ಮಾಡಲಾಯಿತು.

ಇನ್ನೂ ಒಂದು ಸೋಜಿಗವಿದೆ. ನಿಜಾಮರ ನೆಲದ ಮೇಲಿನ ರೈಲ್ವೆ ಜಮೀನಿನ ನ್ಯಾಯಾಧಿಕಾರವನ್ನು ಬ್ರಿಟಿಷರು ಬರೆಸಿಕೊಂಡಿದ್ದರು. ಹೊಲದಲ್ಲಿ ನಿಂತರೆ ನೀವು ನಿಜಾಮರ ಪ್ರಜೆ, ಪ್ಲಾಟ್‌ಫಾರಂ ಹತ್ತಿದರೆ ಬ್ರಿಟಿಷ್ ಕಾನೂನು. ವಾಡಿ-ಹೈದರಾಬಾದ್ ಮಾರ್ಗದ ಶಂಕರಪಲ್ಲಿ ಸ್ಟೇಷನ್ನಿನಲ್ಲಿ ನಿಜಾಮರ ಪ್ರಜೆಯೊಬ್ಬನನ್ನು ಶಿಮ್ಲಾದ ಮೊಕದ್ದಮೆಗಾಗಿ ಬಂಧಿಸಿದಾಗ ಈ ಗೆರೆ ಎಲ್ಲಿಯವರೆಗೆ ಎಂಬ ಪ್ರಶ್ನೆ ಎದ್ದು, 1897ರಲ್ಲಿ ಲಂಡನ್ನಿನ ಪ್ರೀವಿ ಕೌನ್ಸಿಲ್ ಬಂಧನ ಅಕ್ರಮವೆಂದು ತೀರ್ಪು ಕೊಟ್ಟಿತು. ರೈಲ್ವೆ ಆಡಳಿತಕ್ಕೆ ಬೇಕಾದಷ್ಟು ಮಾತ್ರ ಅಧಿಕಾರ ಬಿಟ್ಟುಕೊಟ್ಟಿದ್ದಾರೆ, ಉಳಿದಂತೆ ಅದು ನಿಜಾಮರ ನೆಲವೇ ಎಂದಿತು. ತೀರ್ಪು ನ್ಯಾಯವಾದದ್ದೇ. ಆದರೆ 'ಈ ನೆಲ ನಿಮ್ಮದೇ' ಎಂದು ಹೇಳುವ ಅಧಿಕಾರ ಎಲ್ಲಿತ್ತು ನೋಡಿ. ನೀನು ಸ್ವತಂತ್ರ ಎಂದು ಇನ್ನೊಬ್ಬ ತೀರ್ಪು ಕೊಡಬೇಕಾದ ಸ್ಥಿತಿಗೆ ನಾವು ಏನೆಂದು ಹೆಸರಿಡಬೇಕು? ಸುರಪುರದ ಕಥೆ ಇನ್ನೂ ಸರಳ. 1858ರಲ್ಲಿ ಬ್ರಿಟಿಷರು ಆ ಸಂಸ್ಥಾನವನ್ನು ಕಸಿದರು, 1860ರಲ್ಲಿ ದಂಗೆಯ ಕಾಲದ ಸಹಾಯಕ್ಕೆ ಬಹುಮಾನವಾಗಿ ನಿಜಾಮರಿಗೆ ಕೊಟ್ಟರು. ಊರನ್ನು ಊರವರನ್ನು ಕೇಳದೆ ಬಹುಮಾನ ಕೊಡಬಹುದಾದರೆ, ನಕ್ಷೆಯಲ್ಲಿ ಅದರ ಬಣ್ಣ ಯಾವುದಾದರೇನು?

ಇಲ್ಲಿ ಕನ್ನಡದ ವಿಮರ್ಶೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಕನ್ನಡದಲ್ಲಿ 'ವಸಾಹತು ಅನುಭವ' ಎಂಬ ಹೆಸರಿನಲ್ಲಿ ಬಂದಿರುವ ಬರವಣಿಗೆಯಲ್ಲಿ ವಸಾಹತು ಎಂದರೆ ಮಂಗಳೂರಿನ ಮಿಶನ್ ಪ್ರೆಸ್ಸು, ಕಿಟೆಲ್ಲರ ನಿಘಂಟು, ಮೈಸೂರಿನ ಕಮಿಷನರುಗಳ ಆಡಳಿತ, ಧಾರವಾಡದ ಶಾಲೆಗಳು. ಇಂಗ್ಲಿಷ್ ಬಂತು, ನವೋದಯ ಬಂತು. ಈ ಕಥನದಲ್ಲಿ ನಮ್ಮ ಭಾಗ ಖಾಲಿ. ಯಾಕೆಂದರೆ ಇಲ್ಲಿನ ರೈತನಿಗೆ ಇಂಗ್ಲಿಷರು ಕಾಣಿಸಲೇ ಇಲ್ಲ. ಅವನಿಗೆ ಕಂಡದ್ದು ಜಾಗೀರದಾರ, ಪಟೇಲ, ಕುಲಕರ್ಣಿ ಮತ್ತು ಓದಲು ಬಾರದ ಲಿಪಿಯಲ್ಲಿ ಬರೆದ ಕಾಗದ. 1884ರಲ್ಲಿ ಆಡಳಿತದ ಭಾಷೆ ಪಾರ್ಸಿಯಿಂದ ಉರ್ದುವಿಗೆ ಬದಲಾಯಿತು, 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲೇ ಶುರುವಾಯಿತು. ನವೋದಯದ ಪುಸ್ತಕಗಳನ್ನು ಪಾಠವಾಗಿ ಓದುವಾಗೆಲ್ಲ ನನಗೆ ಅನ್ನಿಸುತ್ತಿತ್ತು, ಇದು ನನ್ನ ಮುತ್ಯಾನ ಕಾಲವೇ ಹೌದು, ಆದರೆ ನನ್ನ ಮುತ್ಯಾ ಇದರಲ್ಲಿಲ್ಲ. ಇಂಗ್ಲಿಷರನ್ನು ಕಾಣದವರಿಗೆ ವಸಾಹತು ಅನುಭವವೇ ಇಲ್ಲ ಎಂದು ಹೇಳುವ ವಿಮರ್ಶೆ, ತಿಳಿದೋ ತಿಳಿಯದೆಯೋ ಉಪ್ಪುನೀರಿನ ನಿಯಮವನ್ನೇ ಪಾಲಿಸುತ್ತಿದೆ.

ಇದಕ್ಕೆ ಉತ್ತರವಾಗಿ ನಮ್ಮ ಕಡೆ ಇನ್ನೊಂದು ಕಥನ ಬೆಳೆದಿದೆ. ಅದರ ಪ್ರಕಾರ ನಿಜಾಮರೇ ಪರಕೀಯರು, ಅವರ ಧರ್ಮವೇ ಪರಕೀಯ, 1948ರ ಸೆಪ್ಟೆಂಬರ್ 17ರಂದು ವಸಾಹತು ಮುಗಿಯಿತು. ರಜಾಕಾರರ ಹಿಂಸೆ ಸುಳ್ಳಲ್ಲ, ವಿಮೋಚನೆಗಾಗಿ ಹೋರಾಡಿದವರ ತ್ಯಾಗವೂ ಸುಳ್ಳಲ್ಲ. ಆದರೆ ಧರ್ಮದಿಂದ ವಸಾಹತನ್ನು ಗುರುತಿಸಲು ಹೊರಟರೆ ಏನಾಗುತ್ತದೆ? ಕಂದಾಯ ಹಿಂಡಿದ ಜಾಗೀರದಾರರಲ್ಲಿ, ದೇಶಮುಖರಲ್ಲಿ ಹಿಂದೂಗಳೂ ಇದ್ದರು, ಅವರೆಲ್ಲ ಸಂತ್ರಸ್ತರಾಗಿಬಿಡುತ್ತಾರೆ. ದಖನಿ ಮಾತಾಡುವ ಟಾಂಗಾ ಹೊಡೆಯುವವನು, ಕಲ್ಲು ಒಡೆಯುವವನು ಆಳುವವನಾಗಿಬಿಡುತ್ತಾನೆ. ಇದು ಬರೀ ತರ್ಕದ ತಪ್ಪಾಗಿ ಉಳಿಯಲಿಲ್ಲ. ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹತ್ಯೆಗಳನ್ನು ದಾಖಲಿಸಿದ ಸುಂದರಲಾಲ್ ಸಮಿತಿ, ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಮತ್ತು ಬೀದರನ್ನೂ ಹೆಸರಿಸಿತು. ಆ ವರದಿ ಸಾರ್ವಜನಿಕರ ಕೈಗೆ ಸಿಕ್ಕಿದ್ದು 2013ರಲ್ಲಿ. ಪರಕೀಯ ಯಾರು ಎಂಬುದನ್ನು ಹೆಸರು ನೋಡಿ ತೀರ್ಮಾನಿಸಿದರೆ ಬೆಲೆ ತೆರುವವರು ಬಡವರೇ. ಉರ್ದು ನಮ್ಮ ಮೇಲೆ ಹೇರಿದ ಆಡಳಿತದ ಭಾಷೆಯೂ ಹೌದು, ಶಾಂತರಸರಂಥವರ ಮೂಲಕ ಕನ್ನಡಕ್ಕೆ ಗಜಲ್ ತಂದುಕೊಟ್ಟ ಭಾಷೆಯೂ ಹೌದು.

ಹಾಗಾದರೆ ಸಮುದ್ರವೂ ಬೇಡ, ಧರ್ಮವೂ ಬೇಡ. ಬಡತನವೂ ಅಳತೆಯಲ್ಲ, ಬರ್ಮುಡಾ ಅದಕ್ಕೆ ಸಾಕ್ಷಿ. ನಾನು ಮೂರು ಪ್ರಶ್ನೆಗಳನ್ನು ಇಡುತ್ತೇನೆ. ಒಂದು, ಈ ನೆಲದ ಬಗ್ಗೆ ತೀರ್ಮಾನ ಎಲ್ಲಿ ಆಗುತ್ತದೆ? ಎರಡು, ಈ ನೆಲದಿಂದ ಹೋದದ್ದು ಎಲ್ಲಿಗೆ ಹೋಗುತ್ತದೆ, ಏನಾಗಿ ಮರಳುತ್ತದೆ? ಮೂರು, ಇಲ್ಲಿರುವವರು 'ಬೇಡ' ಎಂದರೆ ಆ ಬೇಡಕ್ಕೆ ಬೆಲೆ ಇದೆಯೆ? ಮೂರಕ್ಕೂ ಉತ್ತರ ಊರಿನ ಹೊರಗೇ ಇದ್ದರೆ ಅದು ವಸಾಹತಿನ ಸಂಬಂಧ. ಈ ಮೂರರಲ್ಲಿ ಮೂರನೆಯದೇ ನಿರ್ಣಾಯಕ.

ಈ ಪ್ರಶ್ನೆಗಳನ್ನು ನಮ್ಮ ಕಲ್ಲಿಗೆ ಕೇಳೋಣ. ಶಹಾಬಾದಿ ಪರಸಿಯ ಮೇಲೆ ಕಾಲಿಡದ ಮಧ್ಯಮ ವರ್ಗದ ಮನೆ ಮುಂಬಯಿ, ಪುಣೆ, ಹೈದರಾಬಾದಿನಲ್ಲಿ ಹುಡುಕಿದರೂ ಕಡಿಮೆ. ಅದೇ ಸುಣ್ಣದ ಕಲ್ಲಿನಿಂದ ಸಿಮೆಂಟು. ಶಹಾಬಾದ್ ಸಿಮೆಂಟ್ ಕಂಪನಿ ನಿಜಾಮರ ಕಾಲದ್ದು, 1936ರಲ್ಲಿ ಹಲವು ಕಂಪನಿಗಳು ಸೇರಿ ಎಸಿಸಿ ಆದಾಗ ಅದರಲ್ಲಿ ಸೇರಿತು. 1968ರಲ್ಲಿ ವಾಡಿಯ ಕಾರ್ಖಾನೆ ಬಂತು. 1980ರ ದಶಕದಲ್ಲಿ ಸೇಡಂ ಮತ್ತು ಮಳಖೇಡದಲ್ಲಿ, ಆಮೇಲೆ ಕೋಡ್ಲಾ, ಇಟಗಾ, ಛತ್ರಸಾಲಾದಲ್ಲಿ ಚಿಮಣಿಗಳೆದ್ದವು. ಈಗ ಲೆಕ್ಕ ಹಾಕಿ. ಸುಣ್ಣದ ಕಲ್ಲಿನ ರಾಯಧನ ಎಷ್ಟೆಂದು 1957ರ ಗಣಿ ಮತ್ತು ಖನಿಜ ಕಾಯ್ದೆಯ ಅಡಿ ದೆಹಲಿ ಗೊತ್ತುಮಾಡುತ್ತದೆ. ಸಿಮೆಂಟಿಗೆ ಬಳಸುವ ಕಲ್ಲಿಗೆ 2014ರಲ್ಲಿ ಗೊತ್ತುಮಾಡಿದ ದರ ಟನ್ನಿಗೆ 80 ರೂಪಾಯಿ. ಆ ಹಣ ಸೇರುವುದು ಬೆಂಗಳೂರಿನ ಖಜಾನೆಗೆ. ಗಣಿ ಯೋಜನೆಗೆ ಒಪ್ಪಿಗೆ ಕೊಡುವ ಭಾರತೀಯ ಗಣಿ ಬ್ಯೂರೋದ ಕೇಂದ್ರ ಕಚೇರಿ ನಾಗಪುರದಲ್ಲಿ. ಕಂಪನಿಗಳ ಲೆಕ್ಕಪತ್ರ ಮುಂಬಯಿ, ಕೋಲ್ಕತ್ತಾ, ಅಹಮದಾಬಾದಿನಲ್ಲಿ, ಛತ್ರಸಾಲಾದ್ದು ಫ್ರಾನ್ಸಿನ ವಿಕಾ ಗುಂಪಿನಲ್ಲಿ. ಸಿಮೆಂಟು ಹೊರುವ ರೈಲಿನ ವಿಭಾಗೀಯ ಕಚೇರಿಗಳು ಸೊಲ್ಲಾಪುರ, ಸಿಕಂದರಾಬಾದ್, ಗುಂತಕಲ್ಲಿನಲ್ಲಿ. ಕಲಬುರಗಿಗೆ ರೈಲ್ವೆ ವಿಭಾಗ ಕೊಡುತ್ತೇವೆಂದು 2014ರಲ್ಲಿ ಅಡಿಗಲ್ಲು ಹಾಕಿದರು, ಅದು ಕಲ್ಲಾಗಿಯೇ ಉಳಿಯಿತು.

ಹಾಗಾಗಿ 'ಬೆಂಗಳೂರಿನ ವಸಾಹತು' ಎಂಬ ಮಾತಿನಲ್ಲಿ ಮೊದಲ ತಪ್ಪು ವಿಳಾಸದ್ದು. ಬೆಂಗಳೂರು ಈ ಸಂಬಂಧದಲ್ಲಿ ಒಂದು ಠಾಣೆ ಅಷ್ಟೆ. ನಿಜಾಮರು ಹೋದರು, 1948 ಬಂತು, 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯ ಸೇರಿದೆವು, 1973ರಲ್ಲಿ ಕರ್ನಾಟಕವಾದೆವು. ಇಷ್ಟೆಲ್ಲದರ ನಡುವೆ ಕಲ್ಲು ಹೋಗುವ ದಾರಿ ಬದಲಾಗಲಿಲ್ಲ. ನಮ್ಮ ಭಾಷೆ ಇದನ್ನು ನಮಗಿಂತ ಮೊದಲೇ ಕಂಡುಕೊಂಡಿದೆ. ವಾಡಿಯಲ್ಲಿ, ಶಹಾಬಾದಿನಲ್ಲಿ ಕಾಲೊನಿ ಎಂದರೆ ಕಂಪನಿಯ ಕ್ವಾರ್ಟರ್ಸು, ರೈಲ್ವೆಯ ಕ್ವಾರ್ಟರ್ಸು. ಗೋಡೆಯ ಒಳಗೆ ನಲ್ಲಿ ನೀರು, ಬೇವಿನ ಸಾಲು, ಶಾಲೆ. ಕಾರ್ಖಾನೆಗಳ ಬಡಾವಣೆಗೆ ನಮ್ಮ ಸರ್ಕಾರಿ ಕನ್ನಡ ಕೊಟ್ಟ ಹೆಸರು 'ಕೈಗಾರಿಕಾ ವಸಾಹತು'. ಇನ್ನೊಂದು ಕಾಲೊನಿಯೂ ಇದೆ, ಊರಿನ ಹೊರಗಿನದು, ದಲಿತರ ಕಾಲೊನಿ. ಒಂದೇ ಪದ ಗೋಡೆಯ ಒಳಗಿರುವವರಿಗೂ ಊರ ಹೊರಗಿರುವವರಿಗೂ ಸಲ್ಲುವುದು ಆಕಸ್ಮಿಕವಿರಬಹುದು. ಆದರೆ ಚಿತ್ತಾಪುರವನ್ನು ಅರ್ಥಮಾಡಿಕೊಳ್ಳಲು ಈ ಮೂರೂ ಅರ್ಥಗಳು ಬೇಕು.

ಈಗ ಗಟ್ಟಿಯಾದ ಆಕ್ಷೇಪಕ್ಕೆ ಬರುತ್ತೇನೆ. 'ವಸಾಹತಿನಿಂದ ಮುಖ್ಯಮಂತ್ರಿ ಬರುತ್ತಾನೇನು? ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡು ಸಲ ಮುಖ್ಯಮಂತ್ರಿಯಾದರು. ಜೇವರ್ಗಿಯ ಧರ್ಮಸಿಂಗ್ ಆದರು. ಈ ಜಿಲ್ಲೆಯ ಮಲ್ಲಿಕಾರ್ಜುನ ಖರ್ಗೆ ರಾಷ್ಟ್ರೀಯ ಪಕ್ಷದ ಅಧ್ಯಕ್ಷರು. ಸಂವಿಧಾನವನ್ನೇ ತಿದ್ದಿ 371(ಜೆ) ಕೊಟ್ಟಿದ್ದಾರೆ. ಯಾವ ವಸಾಹತಿಗೆ ಇಷ್ಟು ಸಿಕ್ಕಿತ್ತು?' ಈ ಆಕ್ಷೇಪದ ಅರ್ಧವನ್ನು ನಾನು ಮನಸಾರೆ ಒಪ್ಪುತ್ತೇನೆ. ನಾವು ಪ್ರಜೆಗಳಲ್ಲ, ನಾಗರಿಕರು. 1952ರಲ್ಲಿ ದಲಿತರ ಕೇರಿಯ ಹೆಣ್ಣುಮಗಳೊಬ್ಬಳು ಜಾಗೀರದಾರನ ಮನೆಯವನಷ್ಟೇ ತೂಕದ ವೋಟು ಹಾಕಿದಳು. ಕಾಂಗೋದಲ್ಲಿ, ನಿಜಾಮರ ಸೀಮೆಯಲ್ಲಿ ಇದು ಇರಲಿಲ್ಲ. ಈ ವ್ಯತ್ಯಾಸವನ್ನು ಮರೆತು 'ನಾವೂ ಕಾಂಗೋ' ಎನ್ನುವುದು ಕಾಂಗೋದ ಜನರಿಗೂ ಅವಮಾನ, ಆ ಹೆಣ್ಣುಮಗಳ ವೋಟಿಗೂ ಅವಮಾನ.

ಇನ್ನರ್ಧವನ್ನು ಒಪ್ಪುವುದಿಲ್ಲ. 371(ಜೆ) ಏನು ಕೊಟ್ಟಿದೆ ಎಂದು ನೋಡಿ. ಈ ಭಾಗದ ಹುದ್ದೆಗಳಲ್ಲಿ 'ಬಿ' ವೃಂದಕ್ಕೆ ಶೇಕಡಾ 75, 'ಸಿ'ಗೆ 80, 'ಡಿ'ಗೆ 85ರಷ್ಟು ಸ್ಥಳೀಯರಿಗೆ ಮೀಸಲು. ಕಾಲೇಜು ಸೀಟುಗಳಲ್ಲಿ ಪಾಲು, ಒಂದು ಅಭಿವೃದ್ಧಿ ಮಂಡಳಿ. ನನ್ನ ಜೊತೆ ಓದಿದ ಎಷ್ಟೋ ಜನ ಇದರಿಂದ ಡಾಕ್ಟರು, ಮಾಸ್ತರರು ಆಗಿದ್ದಾರೆ, ಇದು ಸಣ್ಣ ಮಾತಲ್ಲ. ಆದರೆ ಇದು ಹೊಸ ಯೋಚನೆಯೂ ಅಲ್ಲ. 1919ರಲ್ಲೇ ನಿಜಾಮರು ಮುಲ್ಕಿ ನಿಯಮ ಮಾಡಿ ಸರ್ಕಾರಿ ನೌಕರಿ ಸ್ಥಳೀಯರಿಗೆ ಎಂದಿದ್ದರು. ಎರಡೂ ಸ್ಥಳೀಯನನ್ನು ಪರಿಹಾರ ಪಡೆಯುವವನಾಗಿ ನೋಡುತ್ತವೆ. ಎರಡೂ ಕಲ್ಲನ್ನು ಮುಟ್ಟುವುದಿಲ್ಲ. ನಮ್ಮಲ್ಲಿ ನಾಯಕರು ಹುಟ್ಟಿದ್ದು ನಿಜ, ತೀರ್ಮಾನ ಹುಟ್ಟಲಿಲ್ಲ.

ಮೂರನೆಯ ಪ್ರಶ್ನೆಗೆ ಬನ್ನಿ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿಯ ವಿಷಯ ಬಂದಾಗ, 2013ರಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಗಳನ್ನು ಕೇಳಿ ಎಂದಿತು. 12 ಹಳ್ಳಿಗಳ ಗ್ರಾಮಸಭೆಗಳೂ ಬೇಡ ಎಂದವು, ಗಣಿ ನಿಂತಿತು. ಅಲ್ಲಿನ ಬುಡಕಟ್ಟು ಜನರಿಗೆ ಐದನೇ ಅನುಸೂಚಿಯ, ಅರಣ್ಯ ಹಕ್ಕು ಕಾಯ್ದೆಯ ಬಲವಿತ್ತು. ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶವೇ ಇಲ್ಲ. ನಮ್ಮ ಹಳ್ಳಿಗೆ ಇರುವುದು 2006ರ ಪರಿಸರ ಅಧಿಸೂಚನೆಯ ಸಾರ್ವಜನಿಕ ಅಹವಾಲು ಸಭೆ. ಅಂಥ ಒಂದು ಸಭೆಯಲ್ಲಿ ನಾನು ಹಿಂದೆ ಕೂತಿದ್ದೆ. ಶಾಮಿಯಾನ, ಕುರ್ಚಿ, ಚಹಾ ಎಲ್ಲ ಇತ್ತು. ತೊಗರಿಯ ಎಲೆ ಮೇಲೆ ಧೂಳು ಕೂಡತದ, ಬಾವಿ ನೀರು ಕೆಳಗ ಹೋಗ್ಯದ ಎಂದು ಒಬ್ಬೊಬ್ಬರೇ ಹೇಳಿದರು. ಕೊನೆಗೆ ವಯಸ್ಸಾದ ಒಬ್ಬಾಕೆ ಎದ್ದು ಕೇಳಿದಳು: 'ಸಾಹೇಬ್ರ, ನಾವು ಬ್ಯಾಡ ಅಂದ್ರ ಇದು ನಿಲ್ತದೇನ್ರಿ?' ಅಧಿಕಾರಿ ಒಳ್ಳೆಯವರೇ, ಸಿಟ್ಟಾಗಲಿಲ್ಲ. 'ನೀವು ಹೇಳಿದ್ದು ಬರ್ಕೊಂಡೀವಿ ಯವ್ವಾ' ಎಂದರು. ಆಕೆ ಸುಮ್ಮನೆ ಕೂತಳು. ನಾನು ಓದಿದ ಯಾವ ಸಿದ್ಧಾಂತದ ಪುಸ್ತಕವೂ ವಸಾಹತು ಎಂದರೇನು ಎಂಬುದನ್ನು ಇಷ್ಟು ಚಿಕ್ಕದಾಗಿ ಹೇಳಿಲ್ಲ. ಮಾತಾಡುವ ಹಕ್ಕಿದೆ, ಮಾತು ದಾಖಲಾಗುತ್ತದೆ, ಆದರೆ ಆ ಮಾತು ಏನನ್ನೂ ನಿಲ್ಲಿಸಲಾರದು.

ಇಷ್ಟು ಹೇಳಿದ ಮೇಲೆ ಚಪ್ಪಾಳೆ ತಟ್ಟುವವರ ಕಡೆ ತಿರುಗಬೇಕು. 1926ರಲ್ಲಿ ಇಟಲಿಯ ಗ್ರಾಮ್ಷಿ ದಕ್ಷಿಣದ ಬಡ ಪ್ರಾಂತಗಳ ಬಗ್ಗೆ ಬರೆದಾಗ ಉತ್ತರದ ಬಂಡವಾಳಗಾರರನ್ನು ಮಾತ್ರ ಬೈದು ಸುಮ್ಮನಾಗಲಿಲ್ಲ. ಅವರ ಜೊತೆ ಕೈಜೋಡಿಸಿದ ದಕ್ಷಿಣದ ಜಮೀನ್ದಾರರನ್ನು, ನಡುವೆ ನಿಂತು ರೈತನನ್ನು ಹಿಡಿದಿಡುವ ದಕ್ಷಿಣದ ಓದಿದವರನ್ನೂ ಹೆಸರಿಸಿದ. 1960ರ ದಶಕದಲ್ಲಿ ಮೆಕ್ಸಿಕೋದ ಗೊನ್ಸಾಲೆಸ್ ಕಾಸನೋವಾ 'ಆಂತರಿಕ ವಸಾಹತು' ಎಂಬ ಪರಿಕಲ್ಪನೆಯನ್ನು ಬೆಳೆಸಿದಾಗಲೂ ಅವನ ಕಣ್ಣು ಒಳಗಿನವರ ಮೇಲಿತ್ತು. ನಮ್ಮ ವೇದಿಕೆಗಳಲ್ಲಿ ಈ ಪದ ಬರುವಾಗ ಒಳಗಿನವರು ಮಾಯವಾಗುತ್ತಾರೆ. ಪರಸಿ ಖಣಿಗಳ ಲೀಸು ಯಾರ ಹೆಸರಿನಲ್ಲಿದೆ? ಲಾರಿಗಳು ಯಾರವು? ಕಾರ್ಖಾನೆಗೆ ಕೂಲಿಯಾಳು ಪೂರೈಸುವ ಗುತ್ತಿಗೆ ಯಾರದ್ದು? ಬೆಂಗಳೂರಿನವರದ್ದಲ್ಲ. ಖಣಿಯಲ್ಲಿ ಉಳಿ ಸುತ್ತಿಗೆ ಹಿಡಿದವನ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ, ಕಾಲಿಗೆ ಕಲ್ಲು ಬಿದ್ದರೆ ಅವನು ಅಲ್ಲಿ ಕೆಲಸವೇ ಮಾಡುತ್ತಿರಲಿಲ್ಲ ಎಂದಾಗುತ್ತದೆ. ನನ್ನ ಕಾಕಾನಿಗೆ ಹಾಗೇ ಆಯಿತು. ಆ ಖಣಿಯ ಮಾಲಕ ನಮ್ಮೂರಿನವನೇ, ನಮ್ಮ ಭಾಷೆಯವನೇ. ಚಿಂಚೋಳಿಯ ತಾಂಡಾಗಳಿಂದ ಪುಣೆ, ಮುಂಬಯಿಗೆ ಗುಳೆ ಹೋಗುವವರು ಅಲ್ಲಿ ಕಟ್ಟಡಗಳಿಗೆ ಹೊರುವ ಚೀಲದಲ್ಲಿ ನಮ್ಮ ಊರಿನ ಸಿಮೆಂಟಿರುತ್ತದೆ. 'ನಾವೆಲ್ಲ ವಸಾಹತಿನವರು' ಎಂಬ ಭಾಷಣದಲ್ಲಿ ಖಣಿಯ ಮಾಲಕನೂ ಖಣಿಯ ಕೂಲಿಯೂ ಒಂದೇ 'ನಾವು' ಆಗುತ್ತಾರೆ. ಈ ಪದ ಅಷ್ಟು ಜನಪ್ರಿಯವಾಗಿರುವುದಕ್ಕೆ ಅದೇ ಕಾರಣ ಎಂದು ನನ್ನ ಅನುಮಾನ.

ಪ್ರತ್ಯೇಕ ರಾಜ್ಯ ಕೇಳುವವರಿಗೆ ನಾನು ಸೇಡಂನಿಂದ ಗಡಿ ದಾಟಿ ಕೊಡಂಗಲ್ಲಿಗೆ ಹೋಗಿ ಬನ್ನಿ ಎನ್ನುತ್ತೇನೆ. ಕೊಡಂಗಲ್ ಮತ್ತು ತಾಂಡೂರು 1956ರವರೆಗೆ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳೇ. ಅವು ಆಂಧ್ರಕ್ಕೆ ಹೋದವು, 2014ರಲ್ಲಿ ಪ್ರತ್ಯೇಕ ತೆಲಂಗಾಣವೂ ಬಂತು, 2023ರ ಡಿಸೆಂಬರಿನಲ್ಲಿ ಕೊಡಂಗಲ್ಲಿನ ಶಾಸಕರೇ ಮುಖ್ಯಮಂತ್ರಿಯಾದರು. 2024ರ ನವೆಂಬರಿನಲ್ಲಿ ಅದೇ ಕ್ಷೇತ್ರದ ಲಗಚರ್ಲದಲ್ಲಿ ಔಷಧ ಕಾರ್ಖಾನೆಗಳಿಗೆ ಭೂಮಿ ಕೊಡಲು ಒಲ್ಲದ ರೈತರು ಅಧಿಕಾರಿಗಳಿಗೆ ಎದುರಾದರು, ಬಂಧನಗಳಾದವು, ಬಂಧಿತರಲ್ಲಿ ಲಂಬಾಣಿಗರಿದ್ದರು. ಸ್ವಂತ ರಾಜ್ಯವಿದೆ, ಸ್ವಂತ ಮುಖ್ಯಮಂತ್ರಿ ಇದ್ದಾರೆ, 'ಬೇಡ' ಎನ್ನಲು ಇನ್ನೂ ಬೀದಿಗೇ ಬರಬೇಕು. ರಾಜಧಾನಿ ಹತ್ತಿರ ಬಂದ ಮಾತ್ರಕ್ಕೆ ವಸಾಹತಿನ ಸಂಬಂಧ ಕರಗುವುದಿಲ್ಲ.

ಈ ಪದವನ್ನು ಕೈಬಿಡೋಣವೆಂದರೆ ಅದರ ಜಾಗಕ್ಕೆ ಬರುವ ಪದ 'ಹಿಂದುಳಿದ'. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲಬರ್ಗಾ ವಿಭಾಗದವು. ಆ ವರದಿ ಅಂಕಿಗಳಿಂದ ಸರ್ಕಾರದ ಬಾಯಿ ಮುಚ್ಚಿಸಿತು, ಅದರ ಋಣ ನಮ್ಮ ಮೇಲಿದೆ. ಆದರೆ 'ಹಿಂದುಳಿದ' ಎಂಬ ಪದದಲ್ಲಿ ಒಂದು ಸುಳ್ಳಿದೆ. ಎಲ್ಲರೂ ಒಂದೇ ದಾರಿಯಲ್ಲಿ ನಡೆಯುತ್ತಿದ್ದೆವು, ನಾವು ನಿಧಾನಿಸಿದೆವು ಎಂಬಂತೆ ಅದು ಕೇಳಿಸುತ್ತದೆ. ಮುಂದೆ ಹೋದವನ ಮನೆಗೆ ನಮ್ಮ ಕಲ್ಲು ಹಾಸಿದೆ ಎಂಬ ಸಂಗತಿ ಆ ಪದದಲ್ಲಿ ಇರುವುದಿಲ್ಲ. ಕಾಗಿಣಾ ದಂಡೆಯ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ. ಅವರ ಸೈನ್ಯ ಕನೌಜಿನವರೆಗೆ ಹೋಗಿತ್ತು, ದೂರದ ಊರುಗಳ ಕಪ್ಪಕಾಣಿಕೆ ಇಲ್ಲಿಗೆ ಬರುತ್ತಿತ್ತು. 972ರಲ್ಲಿ ಮಾಳವದ ಪರಮಾರರು ಅದನ್ನು ಸುಲಿದರು. ಯಾವ ನೆಲವೂ ಹುಟ್ಟಿನಿಂದ ಹಿಂದುಳಿದದ್ದಲ್ಲ, ಯಾವ ನೆಲವೂ ಹುಟ್ಟಿನಿಂದ ವಸಾಹತಲ್ಲ. ಒಂದು ಕಾಲಕ್ಕೆ ಹಿಂಡಿದ ಊರೇ ಇನ್ನೊಂದು ಕಾಲಕ್ಕೆ ಹಿಂಡಿಸಿಕೊಳ್ಳುತ್ತದೆ.

ಹಾಗಾಗಿ ನನ್ನ ಉತ್ತರ ಇದು. ಚಿತ್ತಾಪುರ ಬೆಂಗಳೂರಿನ ವಸಾಹತಲ್ಲ. ಕಾನೂನಿನ ಅರ್ಥದಲ್ಲಿ ಅದು ಯಾರ ವಸಾಹತೂ ಅಲ್ಲ. ಆದರೆ ಅದರ ಕಲ್ಲಿನ ಜೊತೆ, ನೀರಿನ ಜೊತೆ, ಕೂಲಿಯ ಜೊತೆ ಹೊರಗಿನವರೂ ಒಳಗಿನವರೂ ಇಟ್ಟುಕೊಂಡಿರುವ ಸಂಬಂಧ ವಸಾಹತಿನದು, ಮತ್ತು ಆ ಸಂಬಂಧ ಮೂರು ಆಳ್ವಿಕೆಗಳನ್ನು ದಾಟಿ ಬಂದಿದೆ. ಇದನ್ನು ಮುರಿಯಲು ಹೊಸ ಹೆಸರು ಬೇಡ, ಹೊಸ ರಾಜಧಾನಿಯೂ ಬೇಡ. ಗಣಿ ಯೋಜನೆಗೆ ಗ್ರಾಮಸಭೆಯ ಒಪ್ಪಿಗೆ ಕಡ್ಡಾಯವಾಗಲಿ, ಅನುಸೂಚಿತ ಪ್ರದೇಶವಾಗಿರಲಿ ಬಿಡಲಿ. 2015ರಲ್ಲಿ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗಣಿಗಳು ರಾಯಧನದ ಶೇಕಡಾ 30ರಷ್ಟನ್ನು ಕಟ್ಟಬೇಕು, ಆ ಹಣದ ಲೆಕ್ಕವನ್ನು ಊರಿನ ಚಾವಡಿಯಲ್ಲಿ ಕನ್ನಡದಲ್ಲಿ ಓದಿ ಹೇಳಲಿ. ಖನಿಜದ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆ ತೆರಿಗೆ ಬಂದರೆ ಅದರಲ್ಲಿ ಗಣಿಯ ಊರಿಗೆ ನೇರ ಪಾಲು ಗೊತ್ತಾಗಲಿ. ಖಣಿಯ ಕೂಲಿಯ ಹೆಸರು ಹಾಜರಿ ಪುಸ್ತಕಕ್ಕೆ ಬರಲಿ, ಅದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.

ಇನ್ನೊಂದು ಕೆಲಸ ನಮ್ಮಂಥವರದು, ಓದುವವರದು, ಬರೆಯುವವರದು. ನಮ್ಮ ತಾಲ್ಲೂಕುಗಳ ನಿಜಾಮರ ಕಾಲದ ಕಾಗದಪತ್ರಗಳನ್ನು ನೋಡಲು ಇವತ್ತಿಗೂ ಹೈದರಾಬಾದಿನ ತಾರ್ನಾಕಾದ ಪತ್ರಾಗಾರಕ್ಕೆ ಹೋಗಬೇಕು, ಉರ್ದು ಲಿಪಿ ಕಲಿಯಬೇಕು. ನಾನು ಕಲಿಯುತ್ತಿದ್ದೇನೆ, ನಿಧಾನವಾಗಿ. ಕನ್ನಡ ವಿಭಾಗಗಳಲ್ಲಿ ವಸಾಹತೋತ್ತರ ಸಿದ್ಧಾಂತವನ್ನು ಇಂಗ್ಲಿಷಿನಿಂದ ಓದುವ ನಾವು, ನಮ್ಮ ಮುತ್ಯಾಗಳು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನು ಬರೆದಿತ್ತು ಎಂದು ಓದಲಾರೆವು. ಆ ಕಾಗದ ಓದಿದ ದಿನ ಕನ್ನಡದ ವಸಾಹತು ಕಥನ ಬೇರೆಯಾಗಿ ಕಾಣುತ್ತದೆ, ಅದರಲ್ಲಿ ಮಂಗಳೂರು, ಮೈಸೂರು, ಧಾರವಾಡದ ಜೊತೆ ವಾಡಿಗೂ ಒಂದು ಅಧ್ಯಾಯ ಬೇಕಾಗುತ್ತದೆ.